ಸರ್ಟಿಫಿಕೇಟು ಇದೆ, ಫೈಲು ಎಲ್ಲಿದೆ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕಿ. ಈಚೆಗೆ ನಡೆದ ಉದ್ಯೋಗ ಮೇಳಕ್ಕೆ ನಮ್ಮ ಅಂತಿಮ ವರ್ಷದ ಬಿ.ಕಾಂ. ಮಕ್ಕಳು 38 ಜನ ಹೋಗಿದ್ದರು. ಒಂದು ಕಂಪನಿಯವರು ಒಬ್ಬೊಬ್ಬರನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಎಕ್ಸೆಲ್ ಫೈಲೊಂದನ್ನು ತೋರಿಸಿ, "ಇದರಲ್ಲಿ ಎರಡೆರಡು ಸಲ ಬಂದಿರುವ ಬಿಲ್ಲು ತೆಗೆಯಿರಿ, ಬೇರೆ ಹೆಸರಿನಲ್ಲಿ ಸೇವ್ ಮಾಡಿ, ನಮಗೆ ಮೇಲ್ ಕಳಿಸಿ" ಅಂದರಂತೆ. ದಾಟಿದವರು ಇಬ್ಬರೇ. ಕ್ಲಾಸಿನಲ್ಲಿ ಸದಾ ಮುಂದಿರುವ ಹುಡುಗಿಯೂ ಅಳುತ್ತಾ ವಾಪಸ್ ಬಂದಳು. ಅವಳ ಹತ್ತಿರ ಐದು ಆನ್‌ಲೈನ್ ಸರ್ಟಿಫಿಕೇಟುಗಳಿವೆ! ಈಗ ಒಂದು ಖಾಸಗಿ ಸಂಸ್ಥೆಯವರು ತಲೆಗೆ 3,500 ರೂಪಾಯಿಯಂತೆ "ಎಐ ಮತ್ತು ಡೇಟಾ ಸೈನ್ಸ್" ಕೋರ್ಸು ಮಾಡಿಕೊಡುತ್ತೇವೆ ಎಂದು ಬಂದಿದ್ದಾರೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಭೇಟಿ ಹತ್ತಿರವಿರುವುದರಿಂದ ಪ್ರಿನ್ಸಿಪಾಲರಿಗೂ ಮನಸ್ಸಿದೆ. ಅಂತಿಮ ವರ್ಷದಲ್ಲಿ ಇರುವವರು 110 ಮಕ್ಕಳು. ಲ್ಯಾಬಿನ 30 ಕಂಪ್ಯೂಟರುಗಳಲ್ಲಿ ನಡೆಯುವುದು 18. ಈ ವರ್ಷ ನಾನು ವಿಶ್ವವಿದ್ಯಾಲಯದಲ್ಲಿ ಪಠ್ಯಕ್ರಮ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲೂ ಇದ್ದೇನೆ. ಅಲ್ಲಿ ಏನು ಕೇಳಲಿ, ಇಲ್ಲಿ ಏನು ಮಾಡಲಿ? ನಿಜ ಹೇಳಬೇಕೆಂದರೆ ನನಗೂ ಎಕ್ಸೆಲ್ ಅಷ್ಟಕ್ಕಷ್ಟೇ.

ಉತ್ತರ: ಮೇಡಂ, ನಿಮ್ಮ ಕೊನೆಯ ಸಾಲನ್ನು ಓದಿ ನನಗೆ ಸಮಾಧಾನವಾಯಿತು. ಹಾಗೆ ಒಪ್ಪಿಕೊಂಡು ಬರೆಯುವವರು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹನ್ನೆರಡು ವರ್ಷ ನಿಮ್ಮಂಥದೇ ಊರುಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ಪಾಠ ಮಾಡಿದೆ. ಆಮೇಲೆ ಹುಬ್ಬಳ್ಳಿಯಲ್ಲಿ, ಬೇರೆಯವರ ಲೆಕ್ಕಪತ್ರ ಬರೆದುಕೊಡುವ ಕಚೇರಿಯೊಂದಕ್ಕೆ ಹುಡುಗ–ಹುಡುಗಿಯರನ್ನು ಆರಿಸುವ ಕೆಲಸಕ್ಕೆ ಬಂದೆ. ಅಂದರೆ ಕಲಿಸಿ ಕಳಿಸುವ ಕಡೆಯೂ ಇದ್ದೆ, ನೋಡಿ ವಾಪಸ್ ಕಳಿಸುವ ಕಡೆಯೂ ಇದ್ದೆ. ನಿಮ್ಮ ಮಕ್ಕಳಿಗೆ ಕೊಟ್ಟ ಪರೀಕ್ಷೆಯನ್ನು ಹೆಚ್ಚುಕಮ್ಮಿ ಹಾಗೇ ನಾನೂ ಕೊಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಬಿ.ಕಾಂ. ಮುಗಿಸಿದವರು ಎಲ್ಲಿ ಎಡವುತ್ತಿದ್ದರು ಎಂಬುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಲ್ಯಾಪ್‌ಟಾಪ್ ಪರದೆಯನ್ನೇ ಬೆರಳಿನಿಂದ ಒತ್ತುತ್ತಿದ್ದ. ಇನ್ನೊಬ್ಬಳು ಫೈಲನ್ನು ಸೇವ್ ಮಾಡಿದಳು, ಎಲ್ಲಿ ಮಾಡಿದೆ ಎಂದು ಅವಳಿಗೇ ಗೊತ್ತಿಲ್ಲ. ಮೇಲ್ ಐಡಿ ಇದೆ, ಪಾಸ್‌ವರ್ಡ್ ಅಣ್ಣನ ಹತ್ತಿರ. ಒಬ್ಬ ಜಾಣನಂತೂ ಎಕ್ಸೆಲ್ ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡಿಬಿಟ್ಟ. ಅವನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು.

ನಿಮ್ಮ ಚಿಂತೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮಕ್ಕಳು ದಡ್ಡರಲ್ಲ, ವಿಷಯ ಗೊತ್ತಿದೆ, ಸರ್ಟಿಫಿಕೇಟೂ ಇದೆ, ಆದರೂ ಕೆಲಸದ ಬಾಗಿಲಲ್ಲೇ ಮುಗ್ಗರಿಸುತ್ತಿದ್ದಾರೆ. ಹಾಗಿದ್ದರೆ ಇನ್ನೂ ದೊಡ್ಡ ಸರ್ಟಿಫಿಕೇಟು ಕೊಡಿಸಬೇಕೇ? ಬೇಡ ಎಂಬುದು ನನ್ನ ಉತ್ತರ. ಕಾರಣ ಹೇಳಬೇಕಾದರೆ ಮೊದಲು ಕೆಲವು ನಂಬಿಕೆಗಳನ್ನು ಪಕ್ಕಕ್ಕಿಡಬೇಕು.

"ಈಗಿನ ಮಕ್ಕಳಿಗೆ ಎಲ್ಲಾ ಗೊತ್ತಿರುತ್ತೆ, ಮೊಬೈಲಲ್ಲೇ ಹುಟ್ಟಿದವರು" ಎನ್ನುವುದು ಮೊದಲನೆಯದು. ಮೊಬೈಲ್ ಬಳಸುವುದು ಬೇರೆ, ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಬೇರೆ. ಮೊಬೈಲ್ ತಯಾರಿಸಿದವರು ಫೈಲು, ಫೋಲ್ಡರುಗಳನ್ನು ಬೇಕೆಂದೇ ಮರೆಮಾಡಿದ್ದಾರೆ. ಫೋಟೋ ಗ್ಯಾಲರಿಯಲ್ಲಿ ಸಿಗುತ್ತದೆ, ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಸಿಗುತ್ತದೆ. ಎಲ್ಲಿದೆ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಕಚೇರಿ ಕೆಲಸವೆಂದರೆ ಮುಕ್ಕಾಲು ಪಾಲು ಇದೇ ಪ್ರಶ್ನೆ: ಯಾವ ಫೈಲು, ಎಲ್ಲಿದೆ, ಇದು ಹಳೆಯದೋ ಹೊಸದೋ, ಯಾರಿಗೆ ಕಳಿಸಿದೆ? ಇನ್ನು ಮನೆಯಲ್ಲಿ ಕಂಪ್ಯೂಟರ್ ಎಷ್ಟು ಜನರಿಗಿದೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಷ್ಟು, ಪಟ್ಟಣಗಳಲ್ಲಿ 23.4ರಷ್ಟು. ಆಮೇಲೆ ಮೊಬೈಲ್ ಎಲ್ಲರ ಕೈಗೂ ಬಂತು. ಕೀಬೋರ್ಡು ಬರಲಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಪದವಿಗೆ ಸೇರುವ ಹೊತ್ತಿಗೇ ಮಕ್ಕಳು ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅರ್ಜಿ ತುಂಬಬೇಕು. ತುಂಬುವವರು ಯಾರು? ಕಾಲೇಜಿನ ಎದುರಿನ ಸೈಬರ್ ಸೆಂಟರಿನವನು. ಸ್ಕಾಲರ್‌ಶಿಪ್ ಅರ್ಜಿಯೂ ಅವನದೇ, ಪರೀಕ್ಷಾ ಶುಲ್ಕವೂ ಅವನದೇ, ಡಿಜಿಲಾಕರ್ ಖಾತೆಯೂ ಅವನದೇ. ಇಡೀ ಕ್ಲಾಸಿನ ಪಾಸ್‌ವರ್ಡುಗಳು ಅವನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಸಾಲಾಗಿ ಕೂತಿರುತ್ತವೆ. ಮೂರು ವರ್ಷ ಸರ್ಕಾರವೇ ಕಡ್ಡಾಯವಾಗಿ ಕೊಡುವ ಡಿಜಿಟಲ್ ಅಭ್ಯಾಸವನ್ನು ನಾವು ಐವತ್ತು ರೂಪಾಯಿಗೆ ರಸ್ತೆಯಾಚೆಗೆ ಕೊಟ್ಟುಬಿಟ್ಟಿದ್ದೇವೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಿಜಕ್ಕೂ ಅವನೇ ನಿಮ್ಮ ತಾಲ್ಲೂಕಿನಲ್ಲಿ ಡಿಜಿಟಲ್ ಕೌಶಲದಿಂದ ಹೊಟ್ಟೆ ಹೊರೆಯುತ್ತಿರುವ ಮೊದಲ ಪದವೀಧರ ಇರಬಹುದು.

ಎರಡನೆಯದು ಸರ್ಟಿಫಿಕೇಟಿನ ನಂಬಿಕೆ. ಆರಿಸುವ ಕಡೆ ಇದ್ದಾಗ ನಾನು ರೆಸ್ಯೂಮೆಯಲ್ಲಿ ಸರ್ಟಿಫಿಕೇಟುಗಳ ಪಟ್ಟಿಯನ್ನು ಓದುತ್ತಲೇ ಇರಲಿಲ್ಲ. ಅಹಂಕಾರಕ್ಕಲ್ಲ, ವಿಡಿಯೋ ಓಡಲು ಬಿಟ್ಟು, ಕೊನೆಯಲ್ಲಿ ಹತ್ತು ಬಹು ಆಯ್ಕೆ ಪ್ರಶ್ನೆಗೆ ಗೆಳೆಯರ ಗ್ರೂಪಿನಿಂದ ಉತ್ತರ ತಂದು ಪಡೆದದ್ದು ಯಾವುದು, ಕೂತು ಕಲಿತದ್ದು ಯಾವುದು ಎಂದು ಕಾಗದ ನೋಡಿ ಹೇಳಲಾಗುವುದಿಲ್ಲ. ಹತ್ತು ನಿಮಿಷ ಕೆಲಸ ಕೊಟ್ಟರೆ ತಿಳಿಯುತ್ತದೆ. ಹಾಗಿದ್ದೂ ಕಾಲೇಜುಗಳು ಸರ್ಟಿಫಿಕೇಟಿನ ಹಿಂದೆ ಬೀಳುವುದೇಕೆ? ನ್ಯಾಕ್ ಸ್ವಯಂ ಅಧ್ಯಯನ ವರದಿಯಲ್ಲಿ ಮೌಲ್ಯವರ್ಧಿತ ಕೋರ್ಸು ಎಷ್ಟು ನಡೆಸಿದಿರಿ, ಎಷ್ಟು ಮಕ್ಕಳು ಮುಗಿಸಿದರು ಎಂಬ ಲೆಕ್ಕ ಬರೆಯಬೇಕಾಗುತ್ತದೆ. ಎಣಿಸಲು ಬರುವುದು ಸರ್ಟಿಫಿಕೇಟು. ಫೈಲಿಗೆ ಸರಿಯಾದ ಹೆಸರಿಡುವುದನ್ನು ಯಾರು ಎಣಿಸುತ್ತಾರೆ? ನಿಮ್ಮ ಪ್ರಿನ್ಸಿಪಾಲರು ಮಕ್ಕಳ ಮೇಲೆ ಕಾಳಜಿಯಿಲ್ಲದವರಲ್ಲ, ಅವರ ಮುಂದಿರುವ ಫಾರಂ ಹಾಗಿದೆ.

ಪಠ್ಯಕ್ರಮದ್ದೂ ಇದೇ ಕಥೆ. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂದಾಗ "ಡಿಜಿಟಲ್ ಫ್ಲೂಯೆನ್ಸಿ" ಎಂಬ ಪತ್ರಿಕೆ ಬಂತು, ನಿಮಗೂ ನೆನಪಿರುತ್ತದೆ. ಉದ್ದೇಶ ಒಳ್ಳೆಯದೇ ಇತ್ತು. ಪುಸ್ತಕ ತೆರೆದರೆ ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್, ಇಂಟರ್ನೆಟ್ ಆಫ್ ಥಿಂಗ್ಸ್. ಮೇಲ್‌ಗೆ ಅಟ್ಯಾಚ್‌ಮೆಂಟ್ ಹಾಕಲು ಬಾರದ ಮಕ್ಕಳು ಕ್ಲೌಡ್ ಸೇವೆಯ ಮಾದರಿಗಳನ್ನು ಉರು ಹೊಡೆದರು. ಅದಕ್ಕೂ ಹಿಂದಿನ ಪಠ್ಯವಾದರೂ ಏನು? ಕಂಪ್ಯೂಟರಿನ ಐದು ತಲೆಮಾರುಗಳು, ಮತ್ತು "ಮೇಲ್ ಮರ್ಜ್ ಮಾಡುವ ಹಂತಗಳನ್ನು ಬರೆಯಿರಿ" ಎಂಬ ಐದು ಅಂಕದ ಪ್ರಶ್ನೆ. ಮೇಲ್ ಮರ್ಜ್, ಅಂದರೆ ಒಂದೇ ಪತ್ರವನ್ನು ಹಲವರ ಹೆಸರಿಗೆ ಒಟ್ಟಿಗೆ ಸಿದ್ಧಮಾಡುವುದನ್ನು, ಪೆನ್ನಿನಲ್ಲಿ ಬರೆಸುವುದೆಂದರೆ ಈಜನ್ನು ಬ್ಲ್ಯಾಕ್‌ಬೋರ್ಡಿನ ಮೇಲೆ ಹೇಳಿಕೊಟ್ಟಂತೆ. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪಠ್ಯಕ್ರಮ ಮತ್ತೆ ಬರೆಯಲಾಯಿತು. ನೀತಿಗಳು ಬದಲಾದವು, ಉತ್ತರ ಪತ್ರಿಕೆ ಬದಲಾಗಲಿಲ್ಲ.

ಇನ್ನು ಇಂಗ್ಲಿಷ್. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಬಾರದ್ದರಿಂದ ಇದು ಆಗದು ಎನ್ನುತ್ತಾರೆ. ಅರ್ಧ ನಿಜ. ಪರದೆಯ ಮೇಲೆ ಬರುವ ಇಂಗ್ಲಿಷ್ ಬಹಳ ಸಣ್ಣದು, ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಸೇವ್ ಆಸ್, ಫಿಲ್ಟರ್, ಸಾರ್ಟ್, ಪೇಸ್ಟ್ ಸ್ಪೆಷಲ್: ಇವನ್ನು ಕನ್ನಡಿಸಲು ಹೋಗಬೇಡಿ, ಕೆಲಸದ ಜಾಗದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಆದರೆ "ಯಾಕೆ" ಎಂಬುದನ್ನು ಕನ್ನಡದಲ್ಲೇ ಹೇಳಿ. ನಾನು ಕ್ಲಾಸಿನಲ್ಲಿ ಒಂದು ನಿಯಮ ಮಾಡಿದ್ದೆ. ಎರರ್ ಮೆಸೇಜು ಬಂದರೆ ಕೈಯೆತ್ತಿ "ಸರ್, ಆಗ್ತಾ ಇಲ್ಲ" ಎನ್ನುವ ಹಾಗಿಲ್ಲ. ಮೊದಲು ಆ ಮೆಸೇಜನ್ನು ಜೋರಾಗಿ ಓದಬೇಕು, ಆಮೇಲೆ ಅದು ಏನು ಹೇಳುತ್ತಿದೆ ಎಂದು ಕನ್ನಡದಲ್ಲಿ ಹೇಳಬೇಕು. ಹತ್ತರಲ್ಲಿ ಆರು ಸಲ ಹೇಳುತ್ತಾ ಹೇಳುತ್ತಾ ಅವರೇ ಸರಿಮಾಡಿಕೊಳ್ಳುತ್ತಿದ್ದರು. ಕನ್ನಡ ಟೈಪಿಂಗನ್ನೂ ಬಿಡಬೇಡಿ. ರಾಜ್ಯ ಸರ್ಕಾರಿ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ಪಂಚಾಯಿತಿಯಿಂದ ಪತ್ರಿಕೆಯವರೆಗೆ ಕನ್ನಡ ಟೈಪಿಂಗ್ ಬೇಕು. ಹಳೆಯ ನುಡಿ ತಂತ್ರಾಂಶದ ಅಕ್ಷರದಲ್ಲಿ ಬರೆದದ್ದು ಮೇಲ್‌ನಲ್ಲಿ ಹೋದಾಗ ಯಾಕೆ ಗಿಜಿಗಿಜಿ ಆಗುತ್ತದೆ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್ ಅಕ್ಷರ ಯಾಕೆ ಹಾಗೆ ಆಗುವುದಿಲ್ಲ ಎಂದು ವಿವರಿಸಬಲ್ಲ ಹುಡುಗಿಗೆ ನಮ್ಮ ಊರುಗಳಲ್ಲಿ ಈಗಲೂ ಬೆಲೆಯಿದೆ.

ಈಗ ನಿಮ್ಮ ಮಕ್ಕಳಿಗೆ ಕೊಟ್ಟ ಆ ಪರೀಕ್ಷೆಗೆ ಬರೋಣ. ನಿಮ್ಮ ಪ್ರಶ್ನೆಯ ಉತ್ತರ ಅದರೊಳಗೇ ಇದೆ.

"ಎರಡೆರಡು ಸಲ ಬಂದಿರುವ ಬಿಲ್ಲು ತೆಗೆಯಿರಿ." ಎಕ್ಸೆಲ್‌ನಲ್ಲಿ ಇದಕ್ಕೊಂದು ಗುಂಡಿ ಇದೆ, ರಿಮೂವ್ ಡೂಪ್ಲಿಕೇಟ್ಸ್. ಒತ್ತಿದರೆ ಕ್ಷಣದಲ್ಲಿ ಆಗುತ್ತದೆ. ಆದರೆ ಒಂದು ಕಡೆ ಬಿಲ್ ನಂಬರು 045 ಎಂದೂ ಇನ್ನೊಂದು ಕಡೆ ಬರೀ 45 ಎಂದೂ ಇದ್ದರೆ? ಎಕ್ಸೆಲ್‌ಗೆ ಅವು ಬೇರೆ ಬೇರೆ. ಮಿಲ್ಲಿನ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಬೇರೆ. ಇದಕ್ಕೆ ತಿರುಗಾಮುರುಗಾ ಆದ ಇನ್ನೊಂದು ಅಪಾಯ: ಒಂದೇ ಬಿಲ್ಲಿನಲ್ಲಿ ಎರಡು ಸರಕಿದ್ದು ಎರಡು ಸಾಲಾಗಿ ಬರೆದಿದ್ದರೆ, ಬಿಲ್ ನಂಬರಷ್ಟನ್ನೇ ನೋಡಿ ಗುಂಡಿ ಒತ್ತಿದವರು ಸರಿಯಾದ ಸಾಲನ್ನೂ ಅಳಿಸಿಬಿಡುತ್ತಾರೆ. ನಾನು ಆ ಫೈಲಿನಲ್ಲಿ ಬೇಕೆಂದೇ ಇಂಥ ನಾಲ್ಕು ಹಳ್ಳಗಳನ್ನು ತೋಡಿಟ್ಟಿರುತ್ತಿದ್ದೆ. ಎಲ್ಲವನ್ನೂ ಫಟಾಫಟ್ ಅಳಿಸಿ ಕೊಟ್ಟವರನ್ನು ನಾನು ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ಮಾಡಿ, "ಸರಿ, ಆದರೆ ಈ ಎರಡು ಸಾಲು ಒಂದೇ ಬಿಲ್ಲೋ ಅಲ್ಲವೋ ಅನುಮಾನ, ಹಳದಿ ಬಣ್ಣ ಹಾಕಿ ಬಿಟ್ಟಿದ್ದೇನೆ" ಎಂದ ಗದಗದ ಹುಡುಗಿಯೊಬ್ಬಳು ಆ ಕಚೇರಿಯಲ್ಲಿ ಈಗ ಎಂಟು ಜನರನ್ನು ನೋಡಿಕೊಳ್ಳುತ್ತಾಳೆ. ಅವಳಿಗೆ ಎಕ್ಸೆಲ್ ಚೆನ್ನಾಗಿ ಬರುತ್ತಿರಲಿಲ್ಲ. ಬಿಲ್ಲೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಕೆಲಸಕ್ಕೆ ತೆಗೆದುಕೊಳ್ಳುವವರು ಡಿಜಿಟಲ್ ಕೌಶಲ ಎನ್ನುವುದು ಇದನ್ನೇ. ಕಲಿತ ವಿಷಯ ಬೆರಳಿಗೆ ಇಳಿದಿರಬೇಕು. ಹಾಗಾಗಿ ಇದನ್ನು ಕಂಪ್ಯೂಟರ್ ವಿಭಾಗದ ಪ್ರತ್ಯೇಕ ಪತ್ರಿಕೆಗೆ, ಅಥವಾ ಹೊರಗಿನಿಂದ ಬಂದ ಟ್ರೇನರ್‌ಗೆ, ಪೂರ್ತಿ ಒಪ್ಪಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಬಿ.ಕಾಂ. ಮಕ್ಕಳಿಗೆ ವಾಣಿಜ್ಯದವರೇ ಕಲಿಸಬೇಕು, ಇತಿಹಾಸದ ಮಕ್ಕಳಿಗೆ ಇತಿಹಾಸದವರೇ. ಇದು ನಿಮಗೆ ಹೊರೆ, ಗೊತ್ತು. ನಿಮ್ಮ ಕಾಲೇಜಿನಲ್ಲಿ ಅರ್ಧಕ್ಕರ್ಧ ಅತಿಥಿ ಉಪನ್ಯಾಸಕರಿದ್ದರೆ ಅವರಿಗೆ ಇನ್ನೂ ಹೊರೆ. ಸಂಬಳಕ್ಕೆ ಎಣಿಸದ ಕೆಲಸವನ್ನು ಅವರ ತಲೆಗೆ ಕಟ್ಟಬೇಡಿ, ಇರುವ ಆಂತರಿಕ ಅಂಕದ ಕೆಲಸವನ್ನೇ ಬದಲಿಸಿ.

ಹೇಗೆ ಬದಲಿಸುವುದು ಎಂಬುದಕ್ಕೆ ನಿಮ್ಮ ಸೀಮೆಯದೇ ಉದಾಹರಣೆ ಕೊಡುತ್ತೇನೆ. ಗಂಗಾವತಿ, ಕಾರಟಗಿ ಕಡೆ ಅಕ್ಕಿ ಮಿಲ್ಲುಗಳಿಗೆ ಬರವಿಲ್ಲ. ಒಂದು ಮಿಲ್ಲಿನ ಒಂದು ತಿಂಗಳ ಬಿಲ್ಲಿನ ಪಟ್ಟಿ ತನ್ನಿ, ಹೆಸರು ನಂಬರುಗಳನ್ನು ಬದಲಿಸಿ ಇನ್ನೂರು ಸಾಲಿನ ಫೈಲು ಮಾಡಿ. ಜಿಎಸ್‌ಟಿ ನಂಬರು 15 ಅಕ್ಷರದ್ದು ಎಂದು ನೀವು ಪಾಠ ಮಾಡಿರುತ್ತೀರಿ: ಮೊದಲೆರಡು ಅಂಕಿ ರಾಜ್ಯದ್ದು, ಮುಂದಿನ ಹತ್ತು ಪ್ಯಾನ್. ಅಸೈನ್‌ಮೆಂಟ್ ಹೀಗಿರಲಿ. ಆ ನಂಬರಿನ ಎಡಗಡೆಯ ಎರಡು ಅಂಕಿಯನ್ನು ಬೇರೆ ಕಾಲಂಗೆ ತೆಗೆಯಿರಿ. 29 ಬಂದರೆ ಕರ್ನಾಟಕ, 36 ತೆಲಂಗಾಣ, 37 ಆಂಧ್ರ. ಮೂರನೇ ಅಕ್ಷರದಿಂದ ಹತ್ತು ಅಕ್ಷರ ತೆಗೆದರೆ ಪ್ಯಾನ್ ಬಂತು. ಒಂದೇ ಪ್ಯಾನ್ ಎರಡು ರಾಜ್ಯದಲ್ಲಿದ್ದರೆ ಅದು ಯಾಕೆ ಎಂದು ಒಂದು ಸಾಲು ಬರೆಯಿರಿ. ನಂಬರು 15 ಅಕ್ಷರ ಇಲ್ಲದ್ದು, ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬಿದ್ದಿರುವುದು ಎಲ್ಲಿದೆ ಹುಡುಕಿ. ಇನ್ನೂ ರುಚಿಯಾಗಬೇಕೆಂದರೆ ಚೀಲದ ತೂಕದ ಕಾಲಂ ಸೇರಿಸಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ನೂರಕ್ಕೆ 5ರ ಜಿಎಸ್‌ಟಿ ಬಂದ ಮೇಲೆ ಮಾರುಕಟ್ಟೆಯಲ್ಲಿ 26 ಕೆಜಿಯ ಚೀಲ ಯಾಕೆ ಕಾಣಿಸಿಕೊಂಡಿತು ಎಂದು ನಿಮ್ಮ ಮಕ್ಕಳಲ್ಲಿ ಅರ್ಧ ಜನರ ಮನೆಯಲ್ಲೇ ಗೊತ್ತಿರುತ್ತದೆ. "ಹೀಗಿದ್ದರೆ ಹೀಗೆ" ಎನ್ನುವ ಎಕ್ಸೆಲ್ಲಿನ ಇಫ್ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಎಕ್ಸೆಲ್ ಮಾಡುವ ಕಿಡಿಗೇಡಿತನಗಳನ್ನೂ ಈ ಫೈಲಿನಲ್ಲೇ ತೋರಿಸಬಹುದು. ಬ್ಯಾಂಕ್ ಖಾತೆಯ ನಂಬರಿನ ಮುಂದಿನ ಸೊನ್ನೆಗಳನ್ನು ಅದು ನುಂಗುತ್ತದೆ. 15 ಅಂಕಿಗಿಂತ ಉದ್ದದ ನಂಬರನ್ನು ಸುಮ್ಮನೆ ಟೈಪ್ ಮಾಡಿದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಜೂನ್ 5 ಎಂದುಕೊಂಡು 5/6 ಎಂದು ಬರೆದದ್ದು ಮೇ 6 ಆಗುತ್ತದೆ. ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಿಕೊಳ್ಳಬೇಕು ಎಂಬ ಒಂದು ಮಾತು ಗೊತ್ತಿಲ್ಲದೆ ಸಂಬಳ ಇನ್ನೊಬ್ಬರ ಖಾತೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಾಪಸ್ ತರಲು ಮೂರು ವಾರ ಓಡಾಡಿದೆವು.

ಗಡುವನ್ನೂ ಕಟ್ಟುನಿಟ್ಟಾಗಿ ಇಡಿ. ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಪ್ರತಿ ತಿಂಗಳೂ ಒಂದು ಜಾತ್ರೆ ನಡೆಯುತ್ತದೆ. ತಿಂಗಳ ರಿಟರ್ನ್ ಹಾಕುವವರು 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್–1 ಸಲ್ಲಿಸಬೇಕು, 14ಕ್ಕೆ ಪೋರ್ಟಲಿನಲ್ಲಿ ಖರೀದಿಯ 2ಬಿ ಪಟ್ಟಿ ಬರುತ್ತದೆ, 20ರೊಳಗೆ ತೆರಿಗೆ ಕಟ್ಟುವ 3ಬಿ ರಿಟರ್ನ್. ನಡುವಿನ ಆರು ದಿನ ನಮ್ಮ ಖರೀದಿ ಪುಸ್ತಕವನ್ನು ಆ ಪಟ್ಟಿಯ ಜೊತೆ ತಾಳೆ ಹಾಕುವ ಕೆಲಸ, ಅಂದರೆ ಒಂದು ಪಟ್ಟಿಯದನ್ನು ಇನ್ನೊಂದರಲ್ಲಿ ಹುಡುಕುವ ವಿ–ಲುಕಪ್ ಸೂತ್ರದ ಕೆಲಸ. ನಿಮ್ಮ ಅಸೈನ್‌ಮೆಂಟನ್ನೂ 14ಕ್ಕೆ ಕೊಟ್ಟು 20ಕ್ಕೆ ತೆಗೆದುಕೊಳ್ಳಿ. ಮೇಲ್‌ನಲ್ಲೇ ಬರಬೇಕು, ವಿಷಯದ ಸಾಲು ಇರಬೇಕು, ಫೈಲಿನ ಹೆಸರಿನಲ್ಲಿ ರಿಜಿಸ್ಟರ್ ನಂಬರು ಇರಬೇಕು. "ಫೈನಲ್", "ಫೈನಲ್ ನ್ಯೂ", "ಫೈನಲ್ ನ್ಯೂ 2" ಎಂಬ ಹೆಸರಿಗೆ ಅಂಕ ಕಡಿತ. ಮೊದಲ ತಿಂಗಳು ನಿಮ್ಮನ್ನು ಬೈಯುತ್ತಾರೆ, ಬೈಯಲಿ.

ಇದರ ಅಪಾಯ ನಕಲು. ಒಬ್ಬಳು ಮಾಡಿದ ಫೈಲು ಒಂದು ಗಂಟೆಯಲ್ಲಿ ನೂರು ಜನರಿಗೆ ಹೋಗುತ್ತದೆ. ಅದಕ್ಕೆ ಮೂರ್ನಾಲ್ಕು ಬೇರೆ ಬೇರೆ ಫೈಲು ಮಾಡಿ, ಮತ್ತು ಸಲ್ಲಿಸಿದ ಮೇಲೆ ಪ್ರತಿಯೊಬ್ಬರನ್ನೂ ಎರಡು ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ "ಈ ಸಾಲನ್ನು ಯಾಕೆ ತೆಗೆದೆ?" ಎಂದು ಕೇಳಿ. ಲ್ಯಾಬಿನ ಕೊರತೆಗೆ ಉಪಾಯವಿದೆ. 110 ಮಕ್ಕಳನ್ನು ನಾಲ್ಕು ತಂಡ ಮಾಡಿ, ಒಂದು ಯಂತ್ರಕ್ಕೆ ಇಬ್ಬರು. ಒಬ್ಬರ ಕೈಯಲ್ಲಿ ಮೌಸು, ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಇಪ್ಪತ್ತು ನಿಮಿಷಕ್ಕೆ ಅದಲುಬದಲು. ಹಾಗೆ ಮಾಡದಿದ್ದರೆ ಹುಡುಗರು ಮೌಸು ಹಿಡಿದು ಹುಡುಗಿಯರು ನೋಟ್ಸ್ ಬರೆಯುವ ಪದ್ಧತಿ ತಾನಾಗಿ ಬರುತ್ತದೆ. ಕೆಟ್ಟ ಹನ್ನೆರಡರಲ್ಲಿ ಕೆಲವಕ್ಕೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಜೀವ ಬರಬಹುದು. ಎಕ್ಸೆಲ್ ಲೈಸೆನ್ಸ್ ಇಲ್ಲದಿದ್ದರೆ ಅಂಥದೇ ಕೆಲಸ ಮಾಡುವ ಲಿಬ್ರೆ ಆಫೀಸ್ ಉಚಿತ. ಮನೆಯಲ್ಲಿ ಮೊಬೈಲ್ ಮಾತ್ರ ಇರುವವರಿಗೆ ಓಟಿಜಿ ಕೇಬಲ್ ಹಾಕಿ ಸಾದಾ ಕೀಬೋರ್ಡ್ ಜೋಡಿಸುವುದನ್ನು ತೋರಿಸಿಕೊಡಿ. ಪರದೆ ಚಿಕ್ಕದೇ ಉಳಿಯುತ್ತದೆ, ಆದರೆ ಬೆರಳು ಪಳಗುತ್ತದೆ.

ಉಚಿತ ಕೋರ್ಸುಗಳ ಬಗ್ಗೆ ನನ್ನ ಅಭಿಪ್ರಾಯ ಮಿಶ್ರ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನನಗೆ ಇಷ್ಟ. ಲಿಬ್ರೆ ಆಫೀಸ್ ಸೇರಿದಂತೆ ಉಚಿತ ತಂತ್ರಾಂಶಗಳ ಚಿಕ್ಕ ಚಿಕ್ಕ ಪಾಠಗಳು, ಕನ್ನಡ ಧ್ವನಿಯಲ್ಲೂ ಇವೆ. ಅರ್ಧ ಪರದೆಯಲ್ಲಿ ನೋಡುತ್ತಾ ಇನ್ನರ್ಧದಲ್ಲಿ ಮಾಡುತ್ತಾ ಹೋಗಬೇಕು ಎಂಬುದು ಅವರ ಪದ್ಧತಿ. ಕೇಂದ್ರ ಸರ್ಕಾರದ "ಸ್ವಯಂ" ಜಾಲತಾಣದ ಕೋರ್ಸುಗಳ ಕ್ರೆಡಿಟನ್ನು ಒಂದು ಸೆಮಿಸ್ಟರಿನಲ್ಲಿ ನೂರಕ್ಕೆ 40ರವರೆಗೆ ಒಪ್ಪಿಕೊಳ್ಳಲು ಯುಜಿಸಿ 2021ರಿಂದ ಅವಕಾಶ ಕೊಟ್ಟಿದೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ಆದರೆ "ಲಿಂಕ್ ಕಳಿಸಿದ್ದೇನೆ, ಮುಗಿಸಿ" ಎಂದರೆ ಮತ್ತೆ ವಿಡಿಯೋ ಓಡುತ್ತದೆ, ಮಕ್ಕಳು ಎದ್ದು ಹೋಗುತ್ತಾರೆ. ಲ್ಯಾಬಿನಲ್ಲಿ, ನಿಮ್ಮ ಕಣ್ಣೆದುರು, ಹತ್ತು ನಿಮಿಷದ ಪಾಠಕ್ಕೆ ನಲವತ್ತು ನಿಮಿಷದ ಅಭ್ಯಾಸ. ನ್ಯಾಕ್‌ಗೆ ಬೇಕಾದ ಮೌಲ್ಯವರ್ಧಿತ ಕೋರ್ಸಿನ ಗಂಟೆಗಳೂ ಇದರಲ್ಲೇ ಸಿಗುತ್ತವೆ ಎಂದು ಪ್ರಿನ್ಸಿಪಾಲರಿಗೆ ಹೇಳಿ ನೋಡಿ. ಖರ್ಚಿಲ್ಲದೆ ಫಾರಂ ತುಂಬುತ್ತದೆ ಎಂದರೆ ಅವರೂ ಕಿವಿಗೊಡುತ್ತಾರೆ.

ಖಾಸಗಿ ಸಂಸ್ಥೆಯ ಮಾತು. 3,500ನ್ನು 110ರಿಂದ ಗುಣಿಸಿದರೆ 3,85,000 ರೂಪಾಯಿ. ಇದು ಕಾಲೇಜಿನ ದುಡ್ಡಲ್ಲ, ಭತ್ತ ಮಾರಿದ, ಕೂಲಿ ಮಾಡಿದ ದುಡ್ಡು. ಇಂಥ ಸಂಸ್ಥೆಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ, ಚೆನ್ನಾಗಿ ಕಲಿಸುವವರ ಜೊತೆ ಕೆಲಸ ಮಾಡಿದ್ದೇನೆ. ಸಹಿ ಹಾಕುವ ಮೊದಲು ಪಾಠ ಮಾಡುವವರನ್ನೇ ಕರೆಸಿ; ಮಾರಲು ಬರುವವರು ಬೇರೆ, ಕಲಿಸಲು ಬರುವವರು ಬೇರೆ. ನಿಮ್ಮ ಹತ್ತು ಮಕ್ಕಳಿಗೆ ಒಂದು ಗಂಟೆ ನಿಮ್ಮ ಲ್ಯಾಬಿನಲ್ಲೇ ಪಾಠ ಮಾಡಿಸಿ ನೋಡಿ. ಹೋದ ವರ್ಷ ಎಲ್ಲಿ ಕಲಿಸಿದಿರಿ ಎಂದು ಕೇಳಿ ಆ ಕಾಲೇಜಿಗೆ ಫೋನ್ ಮಾಡಿ. ಮಕ್ಕಳ ಫೋನ್ ನಂಬರು, ಆಧಾರ್ ಯಾರ ಕೈ ಸೇರುತ್ತದೆ ಎಂಬುದು ಬರವಣಿಗೆಯಲ್ಲಿರಲಿ. ಇಲ್ಲದಿದ್ದರೆ ಮರುದಿನದಿಂದಲೇ ಸಾಲದ, ಕೋಚಿಂಗಿನ ಕರೆಗಳು ಶುರು. "ನೂರಕ್ಕೆ ನೂರು ಉದ್ಯೋಗ" ಎಂದವರನ್ನು ಅಲ್ಲಿಗೇ ಕೈಮುಗಿದು ಕಳಿಸಿ. ಕೊನೆಗೂ ತರಿಸಲೇಬೇಕಾದರೆ ಎಐ ಬದಲು ಮೂಲ ಕಂಪ್ಯೂಟರ್ ಕೆಲಸ ಕಲಿಸಿ ಎಂದು ಕೇಳಿ. ಒಪ್ಪದಿದ್ದರೆ ಅವರಿಗೆ ಕಲಿಸಲು ಬರುವುದಿಲ್ಲ ಎಂದೇ ನಾನು ತಿಳಿಯುತ್ತೇನೆ.

"ಎಐ ಬಂದ ಮೇಲೆ ಎಕ್ಸೆಲ್ ಯಾಕೆ ಬೇಕು?" ಎಂದು ನಿಮ್ಮ ಮಕ್ಕಳೇ ಕೇಳುತ್ತಾರೆ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಎಲ್ಲರಿಗೂ ತೆರೆದುಕೊಂಡ ಮೇಲೆ ಸೂತ್ರ ಬರೆಯುವ ಕಷ್ಟ ನಿಜವಾಗಿಯೂ ಕಡಿಮೆಯಾಗಿದೆ. ಕನ್ನಡದಲ್ಲಿ ಕೇಳಿದರೂ ಸೂತ್ರ ಕೊಡುತ್ತದೆ. ಬಳಸಲು ಬಿಡಿ, ಅದನ್ನು ತಡೆಯುವುದು ಮೂರ್ಖತನ. ಆದರೆ ಕೊಟ್ಟ ಸೂತ್ರ ಸರಿಯೇ ಎಂದು ಐದು ಸಾಲನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ನೋಡುವ ಅಭ್ಯಾಸ ಮಾಡಿಸಿ, ಮತ್ತು ಗಿರಾಕಿಯ ಪ್ಯಾನ್, ಆಧಾರ್, ಖಾತೆ ನಂಬರುಗಳನ್ನು ಅದರೊಳಗೆ ಸುರಿಯಬಾರದು ಎಂದು ಮೊದಲ ದಿನವೇ ಹೇಳಿ. ಎರಡು ಸಾಲು ಒಂದೇ ಬಿಲ್ಲೋ ಅಲ್ಲವೋ ಎಂದು ಮಿಲ್ಲಿಗೆ ಫೋನ್ ಹಚ್ಚಿ ಕೇಳಬೇಕಾದವರು ಈಗಲೂ ನಿಮ್ಮ ಹುಡುಗಿಯೇ.

ಕಾಲೇಜಿನ ಹೊರಗೆ ಕಲಿಯುವ ದಾರಿಗಳೂ ಇವೆ. ಅಪ್ರೆಂಟಿಸ್‌ಶಿಪ್ ಜೋಡಿಸಿದ ಪದವಿಗಳು ರಾಜ್ಯದ ಕೆಲವು ಸರ್ಕಾರಿ ಕಾಲೇಜುಗಳಿಗೂ ಬಂದಿವೆ. ಪದವಿ ಮುಗಿದ ಮೇಲಾದರೆ ಕೇಂದ್ರದ ನ್ಯಾಟ್ಸ್ ಎಂಬ ಅಪ್ರೆಂಟಿಸ್ ಯೋಜನೆ ಇದೆ. ಅಪ್ರೆಂಟಿಸ್ ನಿಯಮಗಳ 2019ರ ತಿದ್ದುಪಡಿಯಲ್ಲಿ ಪದವೀಧರರ ಕನಿಷ್ಠ ಭತ್ಯೆಯನ್ನು ತಿಂಗಳಿಗೆ 9,000 ರೂಪಾಯಿ ಮಾಡಿದರು. ಆ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ರೂಮು ಹಿಡಿದು ಉಣ್ಣುವುದು ಹೇಗೆ ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿಲ್ಲ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಅದಕ್ಕೇ ನಾನು ಹತ್ತಿರದ್ದನ್ನು ನೋಡಿ ಎನ್ನುತ್ತೇನೆ. ಮಿಲ್ಲು, ದಲಾಲಿ ಅಂಗಡಿ, ತೆರಿಗೆ ಸಲಹೆಗಾರರು, ಪತ್ತಿನ ಸಹಕಾರಿ ಸಂಘ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಕಂಪ್ಯೂಟರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿನ ಹಿರಿಯ ಕಾರ್ಯದರ್ಶಿಗಳಿಗೆ ಲೆಕ್ಕ ಗೊತ್ತು, ಕೀಬೋರ್ಡು ಗೊತ್ತಿಲ್ಲ. ನಿಮ್ಮ ಮಕ್ಕಳನ್ನು ಜೊತೆಗೆ ಕೂರಿಸಿದರೆ ಇಬ್ಬರೂ ಕಲಿಯುತ್ತಾರೆ. ಎಚ್ಚರ ವಹಿಸಬೇಕಾದದ್ದು ಎರಡು. ಚಹಾ ತರುವ, ಝೆರಾಕ್ಸ್ ಮಾಡುವ ಕೆಲಸಕ್ಕೆ ಹಚ್ಚಿದರೆ ಕೂಡಲೇ ವಾಪಸ್ ಕರೆಸಿ. ರೈತರ ಆಧಾರ್, ಪಹಣಿ ನೋಡುವ ಮಕ್ಕಳು ಅದರ ಫೋಟೋ ತೆಗೆದು ಎಲ್ಲಿಗೂ ಕಳಿಸಬಾರದು ಎಂದು ಬರೆಸಿಕೊಳ್ಳಿ.

ಕೆಲಸ ಹುಡುಕುವಾಗಲೇ ಮೋಸ ಹೋಗುವವರು ಹೆಚ್ಚು, ಹಾಗಾಗಿ ಒಂದು ತರಗತಿ ಅದಕ್ಕೂ ಇರಲಿ. ಟೆಲಿಗ್ರಾಂನಲ್ಲಿ ರೇಟಿಂಗ್ ಕೊಟ್ಟರೆ ದುಡ್ಡು ಎನ್ನುವ ಪಾರ್ಟ್‌ಟೈಮ್ ಕೆಲಸ, ಸೇರಲು ಮೊದಲು ಡಿಪಾಸಿಟ್ ಕಟ್ಟಿ ಎನ್ನುವವರು, "ನಿನ್ನ ಬ್ಯಾಂಕ್ ಖಾತೆ ಬಾಡಿಗೆಗೆ ಕೊಡು" ಎನ್ನುವವರು. ಖಾತೆ ಬಾಡಿಗೆಗೆ ಕೊಟ್ಟವನ ಮನೆಗೇ ಮೊದಲು ಪೊಲೀಸರು ಬರುತ್ತಾರೆ. ಸೈಬರ್ ವಂಚನೆಯ ಸಹಾಯವಾಣಿ 1930 ನಂಬರನ್ನು ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿ.

ಇನ್ನು ಬೋರ್ಡ್ ಆಫ್ ಸ್ಟಡೀಸ್. ಅಲ್ಲಿ ಹೊಸ ಪತ್ರಿಕೆ ಬೇಕೆಂದು ಕೇಳಬೇಡಿ, ಕೇಳಿದರೆ ಮತ್ತೆ ಎಐ, ಕ್ಲೌಡ್ ಎಂದು ಘಟಕ ತುಂಬಿಸುತ್ತಾರೆ. ಇರುವ ಕಂಪ್ಯೂಟರ್ ಪತ್ರಿಕೆಯ ಪರೀಕ್ಷೆಯನ್ನು ಪೆನ್ನಿನಿಂದ ಯಂತ್ರಕ್ಕೆ ಬದಲಿಸಿ ಎಂದು ಕೇಳಿ: ಒಂದು ಕೆಟ್ಟ ಫೈಲು, ಒಂದು ಗಂಟೆ, ಇಂಟರ್ನೆಟ್ ತೆರೆದಿರಲಿ. ಕಂಪ್ಯೂಟರ್ ಸಾಲದು, ವಿದ್ಯುತ್ ಹೋದರೆ ಏನು ಎಂಬ ಆಕ್ಷೇಪ ಬರುತ್ತದೆ, ಬರಬೇಕಾದ್ದೇ. ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯಂತೆ ತಂಡ ತಂಡವಾಗಿ ನಡೆಸಬಹುದು. ಹಿರಿಯರು "ಪ್ರೋಗ್ರಾಮಿಂಗ್ ಇಲ್ಲದೆ ಡಿಜಿಟಲ್ ಏನು?" ಎಂದು ಹುಬ್ಬೇರಿಸಿದರೆ ಡಿಜಿಟಲ್ ಸಾಮರ್ಥ್ಯಗಳನ್ನು ಪಟ್ಟಿ ಮಾಡುವ ಯುರೋಪಿನ ಒಕ್ಕೂಟದ ಡಿಜ್‌ಕಾಂಪ್ ಚೌಕಟ್ಟನ್ನು ಮುಂದಿಡಿ. 2022ರ ಆವೃತ್ತಿಯಲ್ಲಿರುವ 21 ಸಾಮರ್ಥ್ಯಗಳಲ್ಲಿ ಪ್ರೋಗ್ರಾಮಿಂಗ್ ಒಂದು ಮಾತ್ರ. ಮಾಹಿತಿ ಹುಡುಕುವುದು, ಸರಿತಪ್ಪು ತೂಗುವುದು, ಜೊತೆಗೂಡಿ ಕೆಲಸ ಮಾಡುವುದು, ಸುರಕ್ಷತೆ, ಇಂಥವು ಉಳಿದವು. ಈ ಬದಲಾವಣೆ ಒಪ್ಪಿಗೆಯಾದರೂ ನಿಮ್ಮ ಈಗಿನ ಮಕ್ಕಳಿಗೆ ದಕ್ಕುವುದಿಲ್ಲ. ಆಂತರಿಕ ಅಂಕದ ಅಸೈನ್‌ಮೆಂಟು ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ಯಾರ ಅನುಮತಿಯೂ ಬೇಡ.

"ನನಗೂ ಎಕ್ಸೆಲ್ ಅಷ್ಟಕ್ಕಷ್ಟೇ" ಎಂದಿದ್ದೀರಿ. ಆ ಎರಡು ಸಾಲು ಒಂದೇ ಬಿಲ್ಲೋ, ಒಂದು ಬಿಲ್ಲಿನ ಎರಡು ಸರಕೋ ಎಂದು ನೋಡಿದ ಕೂಡಲೇ ಹೇಳಬಲ್ಲವರು ನೀವು. ಗುಂಡಿ ಎಲ್ಲಿದೆ ಎಂದು ಹೇಳಬಲ್ಲವರು ಲ್ಯಾಬಿನ ಸಹಾಯಕರು, ಇಲ್ಲವೇ ಆ ಪರೀಕ್ಷೆ ದಾಟಿದ ಇಬ್ಬರು ಮಕ್ಕಳು. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಪ್ರೊಜೆಕ್ಟರ್ ಮುಂದೆ ನೀವೇ ತಡಕಾಡಿ, ತಪ್ಪು ಮಾಡಿ, ಕಂಟ್ರೋಲ್ ಝಡ್ ಒತ್ತಿ ವಾಪಸ್ ಬನ್ನಿ. ತಪ್ಪಿದರೆ ಹಿಂದೆ ಬರಬಹುದು ಎಂಬುದನ್ನೇ ಎಷ್ಟೋ ಮಕ್ಕಳು ನೋಡಿಲ್ಲ, ಅದಕ್ಕೇ ಕೀಬೋರ್ಡ್ ಮುಟ್ಟಲು ಹೆದರುತ್ತಾರೆ. ಐದು ಸರ್ಟಿಫಿಕೇಟಿನ ಆ ಹುಡುಗಿಗೆ ಮೊದಲ ಫೈಲು ಕೊಡಿ. ಯುಯುಸಿಎಂಎಸ್ ಪಾಸ್‌ವರ್ಡನ್ನು ಸೈಬರ್ ಸೆಂಟರಿನಿಂದ ವಾಪಸ್ ತಂದು ಬದಲಿಸಿಕೊಳ್ಳಲು, ಫೋಲ್ಡರ್ ಮಾಡಿ ಫೈಲಿಗೆ ಹೆಸರಿಡಲು ಮೊದಲ ದಿನದ ಎರಡು ಗಂಟೆಯೂ ಹೋಗಿಬಿಡುತ್ತದೆ. ಹೋಗಲಿ, ಬಿಲ್ಲು ಎರಡನೇ ದಿನಕ್ಕಿರಲಿ.